ಪೆನ್ಸಿಲಿನ ಅಂದಾಜು: ರಿಬಾವಿರಿನ್ ದಿನಗಳ ಹಿಮೋಗ್ಲೋಬಿನ್ ಲೆಕ್ಕ

ರಿಬಾವಿರಿನ್ ಔಷಧದ ಮೊದಲ ಗುಳಿಗೆ ನುಂಗುವುದಕ್ಕೆ ಹತ್ತು ದಿನ ಮುಂಚೆಯೇ ನನ್ನ ವೈದ್ಯರು ಕಡತದ ಒಳಹೊದಿಕೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿದ್ದರು: "4ನೇ ವಾರ, 10ರ ಆಸುಪಾಸು." ಅಂದು ನನ್ನ ಹಿಮೋಗ್ಲೋಬಿನ್ ಡೆಸಿಲೀಟರಿಗೆ 13.1 ಗ್ರಾಂ ಇತ್ತು; ಚಿಕಿತ್ಸೆಯ ನಾಲ್ಕನೆಯ ವಾರಕ್ಕೆ ಅದು 10ರ ಹತ್ತಿರಕ್ಕೆ ಇಳಿಯುತ್ತದೆ ಎಂಬುದು ಆ ಸಾಲಿನ ಅರ್ಥ. ಮೂವತ್ತು ವರ್ಷ ಲೆಕ್ಕಪರಿಶೋಧನೆಯಲ್ಲೇ ಕಳೆದ ನನಗೆ, ಇನ್ನೂ ಆಗದ ಖರ್ಚನ್ನು ಯಾರಾದರೂ ಅಷ್ಟು ಧೈರ್ಯವಾಗಿ ಬರೆದಿಟ್ಟರೆ ಅದರ ಆಧಾರ ಕೇಳದೆ ಇರಲಾಗುವುದಿಲ್ಲ. ಕೇಳಿದೆ. ಆ ಪ್ರಶ್ನೆಗೆ ಉತ್ತರವಾಗಿ ಅವರು ಅಂದು ಅರ್ಧ ಗಂಟೆ ಕೂತು ವಿವರಿಸಿದ್ದೂ, ಮುಂದಿನ 48 ವಾರಗಳಲ್ಲಿ ನಾನೇ ವಾರವಾರ ಬರೆದಿಟ್ಟುಕೊಂಡದ್ದೂ ಸೇರಿ ಈ ಬರಹವಾಗಿದೆ.

ನನಗಿದ್ದದ್ದು ದೀರ್ಘಕಾಲೀನ ಹೆಪಟೈಟಿಸ್ ಸಿ, ಅದರ ವೈರಸ್ಸಿನ ತಳಿಗಳಲ್ಲಿ ಜೀನೋಟೈಪ್ 1 ಎಂಬುದು. ಈ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ಹೆರಿಗೆಯ ಹೊತ್ತಿನಲ್ಲಿ ನನಗೆ ರಕ್ತ ಕೊಟ್ಟದ್ದು ಅದಕ್ಕೆ ಎರಡು ವರ್ಷ ಮೊದಲು. ಇಪ್ಪತ್ತೈದು ವರ್ಷ ಸದ್ದಿಲ್ಲದೆ ಯಕೃತ್ತಿನಲ್ಲಿ ಕೂತಿದ್ದ ಅದು 2012ರಲ್ಲಿ ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಆಗ ನನ್ನ ಕೈಗೆಟುಕುವಂತಿದ್ದ ಚಿಕಿತ್ಸೆ ವಾರಕ್ಕೊಂದು ಪೆಗ್‌ಇಂಟರ್‌ಫೆರಾನ್ ಚುಚ್ಚುಮದ್ದು ಮತ್ತು ದಿನಕ್ಕೆರಡು ಬಾರಿ ಊಟದೊಂದಿಗೆ ರಿಬಾವಿರಿನ್ ಗುಳಿಗೆ, ಒಟ್ಟು 48 ವಾರ. ಜೀನೋಟೈಪ್ 1ರವರಲ್ಲಿ ಇದರಿಂದ ವೈರಸ್ ಪೂರ್ಣವಾಗಿ ಹೋಗುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಜ್ವರ, ಮೈಕೈ ನೋವು, ಮನಸ್ಸು ಕುಗ್ಗುವುದು ಎಲ್ಲವೂ ಇಂಟರ್‌ಫೆರಾನಿನ ಲೆಕ್ಕಕ್ಕೆ ಸೇರಿದವು, ಅವುಗಳ ಕಥೆ ಇಲ್ಲಿ ಬೇಡ. ಪೆನ್ಸಿಲಿನ ಸಾಲು ರಿಬಾವಿರಿನ್‌ಗೆ ಸಂಬಂಧಿಸಿದ್ದು.

ಕೆಂಪು ರಕ್ತಕಣವೊಂದು ಸುಮಾರು 120 ದಿನ ಬದುಕುತ್ತದೆ. ಹಾಗೆಂದರೆ ದಿನಕ್ಕೆ ನೂರರಲ್ಲಿ ಒಂದಕ್ಕಿಂತ ತುಸು ಕಡಿಮೆ ಕಣಗಳು ಸಾಯುತ್ತವೆ, ಅಷ್ಟೇ ಕಣಗಳನ್ನು ಮೂಳೆಮಜ್ಜೆ ಹೊಸದಾಗಿ ಹೊರಗೆ ಬಿಡುತ್ತದೆ. ಜಮಾ ಖರ್ಚು ಸರಿದೂಗಿರುವವರೆಗೆ ಶಿಲ್ಕು ಅಲುಗುವುದಿಲ್ಲ. ರಿಬಾವಿರಿನ್ ಈ ಕಣದೊಳಗೆ ಸಲೀಸಾಗಿ ನುಗ್ಗುತ್ತದೆ, ಒಳಗೆ ಹೋದ ಮೇಲೆ ಅದಕ್ಕೆ ಮೂರು ಫಾಸ್ಫೇಟುಗಳು ಅಂಟಿಕೊಳ್ಳುತ್ತವೆ. ದೇಹದ ಬೇರೆ ಜೀವಕೋಶಗಳು ಆ ಫಾಸ್ಫೇಟುಗಳನ್ನು ಕಳಚಿ ಔಷಧವನ್ನು ಹೊರಹಾಕಬಲ್ಲವು. ಕೋಶಕೇಂದ್ರವೇ ಇಲ್ಲದ ಕೆಂಪು ಕಣಕ್ಕೆ ಆ ಕೆಲಸದ ಕಿಣ್ವ ಸಾಲದು. ಹೀಗಾಗಿ ಔಷಧ ಒಳಗೇ ಸಿಕ್ಕಿಕೊಂಡು ದಿನೇದಿನೇ ಕೂಡುತ್ತಾ ಹೋಗಿ, ರಕ್ತದ್ರವದಲ್ಲಿರುವುದರ ಹಲವು ಪಟ್ಟು ಪ್ರಮಾಣಕ್ಕೆ ಏರುತ್ತದೆ. ಕಣದ ಶಕ್ತಿಯ ದಾಸ್ತಾನಾದ ಎಟಿಪಿ ಬರಿದಾಗುತ್ತದೆ, ಹೊರಪೊರೆ ಉತ್ಕರ್ಷಣೆಗೆ ಸಿಕ್ಕಿ ಹಾಳಾಗುತ್ತದೆ, ಆಯಸ್ಸು ಮುಗಿಯುವ ಮೊದಲೇ ಗುಲ್ಮ ಅದನ್ನು ಮುದಿಕಣವೆಂದು ಭಾವಿಸಿ ಹಿಡಿದು ಒಡೆಯುತ್ತದೆ. ಖರ್ಚು ಹೆಚ್ಚಾದಾಗ ಮಜ್ಜೆ ಉತ್ಪಾದನೆಯನ್ನು ಏರಿಸಬೇಕಿತ್ತು. ಅದನ್ನು ಇಂಟರ್‌ಫೆರಾನ್ ಅದುಮಿ ಹಿಡಿದಿರುತ್ತದೆ. ಒಂದು ಔಷಧ ಖರ್ಚನ್ನು ಹೆಚ್ಚಿಸುತ್ತದೆ, ಇನ್ನೊಂದು ಆದಾಯಕ್ಕೆ ತಡೆ ಹಾಕುತ್ತದೆ.

ಇಷ್ಟು ಎಲ್ಲರಿಗೂ ಅನ್ವಯಿಸುವ ಮಾತು. ಆದರೆ ಎಲ್ಲರ ಹಿಮೋಗ್ಲೋಬಿನ್ ಒಂದೇ ಸಮನಾಗಿ ಇಳಿಯುವುದಿಲ್ಲ. ಕೆಲವರಲ್ಲಿ ಅರ್ಧ ಗ್ರಾಂ, ಕೆಲವರಲ್ಲಿ ನಾಲ್ಕು ಗ್ರಾಂ. ನನ್ನದು ಯಾವ ಗುಂಪು ಎಂದು ಮೊದಲೇ ಹೇಳುವುದು ಹೇಗೆ? ವೈದ್ಯರು ಒಂದು ಖಾಲಿ ಹಾಳೆ ಎಳೆದುಕೊಂಡರು.

ಮೂತ್ರಪಿಂಡಗಳು ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ನನ್ನ ರಕ್ತದಲ್ಲಿ 0.9 ಇತ್ತು. ಪ್ರಯೋಗಾಲಯದ ವರದಿಯಲ್ಲಿ ಅದರ ಮುಂದೆ ಯಾವ ಗುರುತೂ ಇರಲಿಲ್ಲ, ಸಹಜ ಮಿತಿಯೊಳಗೆ ಇತ್ತು, ಹಾಗಾಗಿ ನಾನು ಅದರ ಮೇಲೆ ಕಣ್ಣನ್ನೇ ಹಾಯಿಸಿರಲಿಲ್ಲ. ಅವರು 140ರಲ್ಲಿ ನನ್ನ ವಯಸ್ಸು 52ನ್ನು ಕಳೆದು 88 ಎಂದು ಬರೆದರು. ಅದನ್ನು ನನ್ನ ತೂಕ 54ರಿಂದ ಗುಣಿಸಿ, 72 ಮತ್ತು 0.9ರ ಗುಣಲಬ್ಧದಿಂದ ಭಾಗಿಸಿ, ಮಹಿಳೆಯೆಂಬ ಕಾರಣಕ್ಕೆ ಮತ್ತೆ 0.85ರಿಂದ ಗುಣಿಸಿದರು. ಬಂದ ಉತ್ತರ 62. ನನ್ನ ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 62 ಮಿಲಿಲೀಟರ್ ರಕ್ತದ್ರವವನ್ನು ಶುದ್ಧಮಾಡುತ್ತವೆ ಎಂಬ ಅಂದಾಜು ಅದು. 50ಕ್ಕಿಂತ ಕೆಳಗಿದ್ದರೆ ರಿಬಾವಿರಿನ್ ಕೊಡುವಂತೆಯೇ ಇರಲಿಲ್ಲ. ಔಷಧವೂ ಅದರ ವಿಭಜಿತ ಅಂಶಗಳೂ ಹೆಚ್ಚಾಗಿ ಮೂತ್ರದ ದಾರಿಯಲ್ಲೇ ಹೊರಹೋಗಬೇಕಾದ್ದರಿಂದ, ದಾರಿ ಕಿರಿದಾದಷ್ಟೂ ಒಳಗೆ ಉಳಿಯುವುದು ಹೆಚ್ಚು. ವರದಿಯಲ್ಲಿ "ಸಹಜ" ಎಂದು ಕಂಡ ಅಂಕಿಯ ಹಿಂದೆ ಇಷ್ಟೊಂದು ಅಡಗಿತ್ತೆಂದು ತಿಳಿದಾಗ, ಎಷ್ಟೋ ವರ್ಷ ಇತರರ ಲೆಕ್ಕಪುಸ್ತಕಗಳಲ್ಲಿ ನಾನು ಹಿಡಿಯುತ್ತಿದ್ದ ತಪ್ಪನ್ನೇ ನನ್ನ ವರದಿಯಲ್ಲಿ ನಾನು ಮಾಡಿದ್ದೆನೆಂದು ನಾಚಿಕೆಯಾಯಿತು.

ಎರಡನೆಯ ಲೆಕ್ಕ ಇನ್ನೂ ಸರಳ. ಜೀನೋಟೈಪ್ 1ರವರಿಗೆ 75 ಕಿಲೋಗ್ರಾಂಗಿಂತ ಕಡಿಮೆ ತೂಕವಿದ್ದರೆ ದಿನಕ್ಕೆ 1,000 ಮಿಲಿಗ್ರಾಂ, ಅದಕ್ಕೂ ಮೇಲಿದ್ದರೆ 1,200 ಮಿಲಿಗ್ರಾಂ ಎಂಬುದು ನಿಯಮ. 74 ಕಿಲೋ ತೂಗುವವರಿಗೆ ಇದು ಕಿಲೋಗೆ 13.5 ಮಿಲಿಗ್ರಾಂ ಆಗುತ್ತದೆ. 54 ಕಿಲೋದ ನನಗೆ 18.5. ಒಂದೇ ಸಾಲಿನ ನಿಯಮದಡಿ ಬರುವ ಇಬ್ಬರಲ್ಲಿ ನನಗೆ ಬೀಳುವ ಹೊರೆ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ವಯಸ್ಸು, ಹೆಣ್ಣೆಂಬುದು, ಕಡಿಮೆ ತೂಕ, ಮೂತ್ರಪಿಂಡದ ಸಾಮರ್ಥ್ಯ, ಇವೆಲ್ಲವೂ ಒಂದೇ ಕಡೆಗೆ ವಾಲಿದ್ದವು. ಹೃದಯದ ತೊಂದರೆ ಇರಲಿಲ್ಲ, ಇಸಿಜಿ ಚೆನ್ನಾಗಿತ್ತು. ಹಿಮೋಗ್ಲೋಬಿನ್ನಿನ ಆನುವಂಶಿಕ ದೋಷವಾದ ಥಲಸ್ಸೀಮಿಯದ ಲಕ್ಷಣವೂ ಇಲ್ಲವೆಂದು ಮೊದಲೇ ಪರೀಕ್ಷಿಸಿದ್ದರು, ಏಕೆಂದರೆ ಅಂಥವರ ಕೆಂಪು ಕಣಗಳು ಈಗಾಗಲೇ ದುರ್ಬಲವಾಗಿರುತ್ತವೆ.

ಮೂರನೆಯದು ಜೀನ್ ಪರೀಕ್ಷೆ. ಅದು ದಿನನಿತ್ಯದ ಪರೀಕ್ಷೆಗಳ ಪಟ್ಟಿಯಲ್ಲಿರಲಿಲ್ಲ, ವೈದ್ಯರ ಆಸಕ್ತಿಯಿಂದ ಒಂದು ಸಂಶೋಧನಾ ಪ್ರಯೋಗಾಲಯಕ್ಕೆ ನನ್ನ ರಕ್ತ ಹೋಯಿತು. 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಈ ಚಿಕಿತ್ಸೆ ಪಡೆದ ಸಾವಿರಕ್ಕೂ ಹೆಚ್ಚು ರೋಗಿಗಳ ಇಡೀ ಜೀನೋಮನ್ನು ಜಾಲಾಡಿ, ಹಿಮೋಗ್ಲೋಬಿನ್ ಕುಸಿತಕ್ಕೆ ಸಂಬಂಧಪಟ್ಟ ಜಾಗವನ್ನು 20ನೇ ಕ್ರೋಮೋಸೋಮಿನಲ್ಲಿ ಗುರುತಿಸಿತ್ತು. ಅಲ್ಲಿರುವುದು ಐಟಿಪಿಎ ಎಂಬ ಜೀನ್. ಕೋಶದೊಳಗೆ ಕೂಡುವ ಐಟಿಪಿ ಎಂಬ ಅಣುವನ್ನು ಒಡೆದು ತೆರವು ಮಾಡುವ ಕಿಣ್ವ ಅದರ ಉತ್ಪನ್ನ. ಈ ಜೀನಿನಲ್ಲಿ ಎರಡು ಸಣ್ಣ ವ್ಯತ್ಯಾಸಗಳಿವೆ. ಅವುಗಳಲ್ಲಿ ಯಾವುದಿದ್ದರೂ ಕಿಣ್ವದ ಚಟುವಟಿಕೆ ತಗ್ಗುತ್ತದೆ. ಎರಡರಲ್ಲಿ ಹೆಚ್ಚು ಪ್ರಬಲವಾದದ್ದರ ಒಂದೇ ಪ್ರತಿ ಇದ್ದರೂ ಚಟುವಟಿಕೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಅಂಥವರಿಗೆ ಸಾಮಾನ್ಯ ದಿನಗಳಲ್ಲಿ ಏನೂ ತೊಂದರೆಯಿಲ್ಲ. ವಿಚಿತ್ರವೆಂದರೆ, ರಿಬಾವಿರಿನ್ ತೆಗೆದುಕೊಂಡಾಗ ಅವರಿಗೆ ಲಾಭವಾಗುತ್ತದೆ: ಕೆಂಪು ಕಣದಲ್ಲಿ ಕೂಡಿಕೊಂಡ ಐಟಿಪಿ, ಔಷಧದಿಂದ ಕೊರತೆ ಬಿದ್ದ ಜಿಟಿಪಿ ಎಂಬ ಇನ್ನೊಂದು ಅಣುವಿನ ಜಾಗದಲ್ಲಿ ನಿಂತು ಎಟಿಪಿ ತಯಾರಿಕೆಯನ್ನು ಒಂದಿಷ್ಟು ಮುಂದುವರಿಸುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಹತ್ತು ದಿನದ ಮೇಲೆ ವರದಿ ಬಂತು. ಎರಡೂ ಜಾಗಗಳಲ್ಲಿ ನನ್ನ ಜೀನ್ ಸಹಜ, ಕಿಣ್ವದ ಚಟುವಟಿಕೆ ಪೂರ್ಣ. ಬದುಕಿನಲ್ಲಿ ಮೊದಲ ಬಾರಿಗೆ ಯಾವುದಾದರೂ ದೋಷ ಸಿಗಲಿ ಎಂದು ಆಸೆಪಟ್ಟು ವರದಿ ತೆರೆದಿದ್ದೆ, "ಸಹಜ" ಎಂಬ ಪದ ಎರಡನೆಯ ಸಲ ನನಗೆ ಕೈಕೊಟ್ಟಿತು. ಹಾಗಿದ್ದರೆ ರಿಬಾವಿರಿನ್ ಪ್ರಮಾಣವನ್ನು ಮೊದಲಿನಿಂದಲೇ ಕಡಿಮೆ ಮಾಡಿದರಾಗದೇ ಎಂದು ಕೇಳಿದೆ. ಆಗದು ಎಂದರು. ಔಷಧ ಕಡಿಮೆಯಾದರೆ, ಅದರಲ್ಲೂ ಮೊದಲ ಹನ್ನೆರಡು ವಾರಗಳಲ್ಲಿ ಕಡಿಮೆಯಾದರೆ, ವೈರಸ್ ಮರಳಿ ಬರುವ ಸಾಧ್ಯತೆ ಏರುತ್ತದೆ. ಎರಡೂ ಔಷಧಗಳ ಶೇಕಡಾ 80ರಷ್ಟನ್ನಾದರೂ, ಅವಧಿಯ ಶೇಕಡಾ 80ರಷ್ಟು ಕಾಲವಾದರೂ ತೆಗೆದುಕೊಂಡವರಿಗೆ ಫಲ ಹೆಚ್ಚೆಂದು ಆ ಹೊತ್ತಿಗೆ ಹತ್ತು ವರ್ಷದಿಂದ ಗೊತ್ತಿತ್ತು. ಹಾಗಾದರೆ ಈ ಮುನ್ಸೂಚನೆಯಿಂದ ಏನು ಪ್ರಯೋಜನ ಎಂಬುದು ನನ್ನ ಮುಂದಿನ ಪ್ರಶ್ನೆ. "ಇಳಿಯುವಾಗ ನೀವೂ ಹೆದರಬಾರದು, ನಾನೂ ಹೆದರಬಾರದು" ಎಂದರು. ಆ ಕ್ಷಣಕ್ಕೆ ಅದು ನುಣುಚಿಕೊಳ್ಳುವ ಉತ್ತರವಾಗಿ ಕೇಳಿಸಿತು.

ಮೊದಲ ವಾರದ ಕೊನೆಗೆ 12.6. ಎರಡನೆಯ ವಾರಕ್ಕೆ 11.2.

ವೈದ್ಯರು ಹೆಚ್ಚು ಬೆಲೆ ಕೊಟ್ಟದ್ದು ಈ ಎರಡನೆಯ ವಾರದ ಅಂಕಿಗೆ. ಎರಡು ವಾರದಲ್ಲಿ ಎರಡು ಗ್ರಾಂ ಇಳಿದರೆ ಮುಂದೆ ತೀವ್ರ ರಕ್ತಹೀನತೆಯನ್ನು ನಿರೀಕ್ಷಿಸಬೇಕೆಂದು ಜಪಾನಿನ ವೈದ್ಯರು ಹೇಳಿದ್ದ ಒಂದು ಸರಳ ಅಳತೆಗೋಲು ಅವರ ಬಳಿ ಇತ್ತು. ನನ್ನ ಇಳಿಕೆ 1.9. ಜೀನ್ ಪರೀಕ್ಷೆ ಒಂದು ಅಂಶವನ್ನಷ್ಟೇ ಅಳೆಯುತ್ತದೆ. ಎರಡು ವಾರದ ರಕ್ತವಾದರೋ ಜೀನ್, ಮೂತ್ರಪಿಂಡ, ತೂಕ, ಮಜ್ಜೆ ಎಲ್ಲವೂ ಕೂಡಿ ಕೊಟ್ಟ ಮೊತ್ತ. ಅದಕ್ಕೆ ವಿಶೇಷ ಯಂತ್ರವೂ ಬೇಡ, ಬೆರಳೆಣಿಕೆಯ ನಿಮಿಷಗಳಲ್ಲಿ ಸಿಗುವ ಸಾಮಾನ್ಯ ರಕ್ತಪರೀಕ್ಷೆ ಸಾಕು. ಜೀನ್ ವರದಿಗಾಗಿ ನಾನು ಕಾತರದಿಂದ ಕಾದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಹೇಳಿದ್ದು ಈ ಎರಡು ಅಂಕಿಗಳ ವ್ಯವಕಲನ.

ಮೂರನೆಯ ವಾರದಲ್ಲಿ ಒಂದು ಬೆಳಗ್ಗೆ ಕನ್ನಡಿಯಲ್ಲಿ ಕಣ್ಣಿನ ಬಿಳಿಭಾಗ ತುಸು ಹಳದಿಯಾಗಿ ಕಂಡಿತು. ಯಕೃತ್ತಿನ ರೋಗಿಗೆ ಇದಕ್ಕಿಂತ ದೊಡ್ಡ ದಿಗಿಲು ಇನ್ನೊಂದಿಲ್ಲ. ಅದೇ ದಿನ ರಕ್ತ ಕೊಟ್ಟೆ. ಬಿಲಿರುಬಿನ್ ಏರಿತ್ತು, ಆದರೆ ಏರಿದ್ದು ಯಕೃತ್ತು ಇನ್ನೂ ಸಂಸ್ಕರಿಸದ ಪರೋಕ್ಷ ಬಿಲಿರುಬಿನ್. ಯಕೃತ್ತಿನ ಕಿಣ್ವಗಳು ಚಿಕಿತ್ಸೆಗೆ ಮೊದಲಿಗಿಂತ ಇಳಿದಿದ್ದವು. ಒಡೆದ ಕೆಂಪು ಕಣಗಳ ಹಿಮೋಗ್ಲೋಬಿನ್ನೇ ಈ ಹಳದಿಯಾಗಿ ಹೊರಬರುತ್ತಿತ್ತು. ಚೆಲ್ಲಿದ ಹಿಮೋಗ್ಲೋಬಿನ್ನನ್ನು ಹಿಡಿಯುವ ಹ್ಯಾಪ್ಟೋಗ್ಲೋಬಿನ್ ತಗ್ಗಿತ್ತು, ಒಡೆದ ಕಣಗಳಿಂದ ಹೊರಬರುವ ಎಲ್‌ಡಿಎಚ್ ಎಂಬ ಕಿಣ್ವ ಏರಿತ್ತು, ಎಲ್ಲವೂ ಒಂದೇ ಕಥೆ ಹೇಳುತ್ತಿದ್ದವು. ರೆಟಿಕ್ಯುಲೊಸೈಟ್ ಎಂಬ ಎಳೆಯ ಕಣಗಳು ಮಾತ್ರ ನಷ್ಟಕ್ಕೆ ತಕ್ಕಷ್ಟು ಏರಿರಲಿಲ್ಲ.

ಈ ಹೊತ್ತಿಗೆ ಹಿತೈಷಿಗಳು ಕಬ್ಬಿಣಾಂಶದ ಮಾತ್ರೆಗಳ ಹೆಸರು ಹೇಳಲು ಶುರುಮಾಡಿದ್ದರು. ಒಬ್ಬರಂತೂ ಒಂದು ಡಬ್ಬಿಯನ್ನೇ ತಂದುಕೊಟ್ಟರು. ವೈದ್ಯರು ಅದನ್ನು ಮುಟ್ಟಬೇಡಿ ಎಂದರು, ಕಾರಣವನ್ನೂ ಹೇಳಿದರು: ರಕ್ತಸ್ರಾವದಲ್ಲಿ ಕಬ್ಬಿಣ ದೇಹದಿಂದ ಹೊರಹೋಗುತ್ತದೆ, ಇಲ್ಲಿ ಕಣಗಳು ಒಳಗೇ ಒಡೆಯುವುದರಿಂದ ಕಬ್ಬಿಣ ಒಳಗೇ ಉಳಿದು ಮರುಬಳಕೆಗೆ ಕಾದಿರುತ್ತದೆ. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ನನ್ನ ಫೆರಿಟಿನ್ ಮೊದಲೇ ಮೇಲಿನ ಮಿತಿಯಲ್ಲಿತ್ತು. ಹೆಚ್ಚುವರಿ ಕಬ್ಬಿಣ ಹೋಗಿ ಸೇರುವುದು ಈಗಾಗಲೇ ನೊಂದಿರುವ ಯಕೃತ್ತಿಗೇ. ಡಬ್ಬಿಯನ್ನು ಹಿಂದಿರುಗಿಸಿದಾಗ ಆ ಹಿತೈಷಿ ಬೇಸರಪಟ್ಟುಕೊಂಡರು, ರಕ್ತಹೀನತೆಯೆಂದರೆ ಕಬ್ಬಿಣದ ಕೊರತೆಯೇ ಎಂಬ ನಂಬಿಕೆ ಅಷ್ಟು ಗಟ್ಟಿ.

ನಾಲ್ಕನೆಯ ವಾರ 9.7. ಪೆನ್ಸಿಲಿನ ಸಾಲಿಗೂ ನಿಜಕ್ಕೂ ಇದ್ದ ಅಂತರ 0.3. ನಾನು ಬೇರೆ ಯಾವ ಆಯವ್ಯಯ ಪತ್ರದಲ್ಲೂ ಇಷ್ಟು ಹತ್ತಿರದ ಅಂದಾಜನ್ನು ಕಂಡಿರಲಿಲ್ಲ. 10ಕ್ಕಿಂತ ಕೆಳಗಿಳಿದರೆ ರಿಬಾವಿರಿನ್ ಪ್ರಮಾಣ ತಗ್ಗಿಸಬೇಕು, 8.5ಕ್ಕಿಂತ ಕೆಳಗಿಳಿದರೆ ನಿಲ್ಲಿಸಬೇಕು ಎಂಬುದು ಔಷಧದ ಜೊತೆ ಬರುವ ಸೂಚನೆ. ಒಮ್ಮೆಲೇ 600ಕ್ಕೆ ಇಳಿಸುವುದು ಅದರಲ್ಲಿರುವ ಕ್ರಮ. ನನ್ನ ವೈದ್ಯರು 800ಕ್ಕಷ್ಟೇ ಇಳಿಸಿದರು. ಸಾವಿರದ ಶೇಕಡಾ 80 ಎಷ್ಟೆಂದು ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಕೆಂಪು ಕಣಗಳ ಉತ್ಪಾದನೆ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಚುಚ್ಚುಮದ್ದಿನ ಮಾತೂ ಬಂತು. ಅದು ಈ ಬಳಕೆಗೆ ಅನುಮೋದನೆ ಪಡೆದ ಔಷಧವಲ್ಲ, ರಕ್ತದೊತ್ತಡ ಏರಿಸುವ ಮತ್ತು ರಕ್ತ ಹೆಪ್ಪುಗಟ್ಟಿಸುವ ಅಪಾಯವೂ ಇದೆ, ಇನ್ನೂ ಕೆಳಗಿಳಿದರೆ ನೋಡೋಣ ಎಂದು ಬದಿಗಿಟ್ಟರು.

ಮೆಟ್ಟಿಲು ಹತ್ತುವುದು ಆ ದಿನಗಳಲ್ಲಿ ಎರಡು ಕಂತಿನ ಕೆಲಸವಾಯಿತು. ಹದಿನೆಂಟು ಮೆಟ್ಟಿಲುಗಳಲ್ಲಿ ಹನ್ನೊಂದನೆಯದರ ಮೇಲೆ ಕೂರುತ್ತಿದ್ದೆ. ಕೂತಾಗ ಎದೆಯ ಬಡಿತ ಕಿವಿಯೊಳಗೆ ಕೇಳಿಸುತ್ತಿತ್ತು, ರಾತ್ರಿ ದಿಂಬಿಗೆ ಕಿವಿಯಾನಿಸಿದರೆ ಅದೇ ಸದ್ದು. ಕೆಳರೆಪ್ಪೆಯನ್ನು ಎಳೆದು ನೋಡಿದರೆ ಒಳಗೆ ಒದ್ದೆ ಕಾಗದದ ಬಣ್ಣ. ಇವನ್ನೆಲ್ಲ ನೋಟ್ ಪುಸ್ತಕದಲ್ಲಿ ಅಂಕಿಯ ಪಕ್ಕದಲ್ಲಿ ಬರೆಯುತ್ತಿದ್ದೆ. ಯಾವ ಮೆಟ್ಟಿಲಿನ ಮೇಲೆ ಕೂತೆ ಎಂಬುದೇ ಹಿಮೋಗ್ಲೋಬಿನ್ನಿನ ಒರಟು ಅಳತೆಯಾಗಿಬಿಟ್ಟಿತ್ತು.

ಆರನೆಯ ವಾರ ನಾನೊಂದು ಎಡವಟ್ಟು ಮಾಡಿಕೊಂಡೆ. ಸುಸ್ತಿನ ನೆಪದಲ್ಲಿ ಎಂದಿನ ಪ್ರಯೋಗಾಲಯಕ್ಕೆ ಹೋಗದೆ ಹತ್ತಿರದ ಇನ್ನೊಂದರಲ್ಲಿ ರಕ್ತ ಕೊಟ್ಟೆ. 10.2 ಎಂದು ಬಂತು. ಹಿಂದಿನ ವಾರ 9.4 ಇದ್ದದ್ದು ಇಷ್ಟು ಏರಿತಲ್ಲ ಎಂದು ಹಿಗ್ಗಿ, ಮತ್ತೆ 1,000 ಮಿಲಿಗ್ರಾಂ ಶುರುಮಾಡಬಹುದೇ ಎಂದು ವೈದ್ಯರನ್ನು ಕೇಳಿದೆ. ಹತ್ತನೆಯ ಮೆಟ್ಟಿಲಿನ ಮೇಲೆ ಕೂತವರು ಯಾರು ಎಂದು ಅವರು ನನ್ನ ಪುಸ್ತಕವನ್ನೇ ತೋರಿಸಿದರು. ಮರುದಿನ ಹಳೆಯ ಪ್ರಯೋಗಾಲಯದಲ್ಲಿ ಮತ್ತೆ ಮಾಡಿಸಿದಾಗ ಬಂದದ್ದು 9.3. ಯಂತ್ರದ ಹೊಂದಾಣಿಕೆ, ದೇಹದಲ್ಲಿ ನೀರಿನಂಶ, ರಕ್ತ ಕೊಡುವಾಗ ನಿಂತಿದ್ದೆವೋ ಮಲಗಿದ್ದೆವೋ ಎಂಬುದು, ಇವೆಲ್ಲ ಸೇರಿ ಅಂಕಿಯನ್ನು ಅಲುಗಿಸುತ್ತವೆ. ಮುಕ್ಕಾಲು ಗ್ರಾಮಿನ ಏರಿಳಿತದ ಮೇಲೆ ಔಷಧದ ಪ್ರಮಾಣವನ್ನೇ ತೀರ್ಮಾನಿಸುವಾಗ ಅಳೆಯುವ ತಕ್ಕಡಿ ಒಂದೇ ಆಗಿರಬೇಕು. ಅಂದಿನಿಂದ ಒಂದೇ ಜಾಗ, ಬೆಳಗಿನ ಒಂದೇ ಹೊತ್ತು, ಹತ್ತು ನಿಮಿಷ ಕೂತ ಮೇಲೆ.

ಏಳನೆಯ ವಾರ 9.1. ಇಡೀ ಚಿಕಿತ್ಸೆಯಲ್ಲಿ ನನಗೆ ನಿಜವಾಗಿ ಭಯವಾದ ವಾರ ಅದು. ಇನ್ನು 0.6 ಇಳಿದರೆ ಔಷಧ ನಿಲ್ಲಿಸಬೇಕು, ವಾರಕ್ಕೆ 0.2ರಂತೆ ಇಳಿದರೆ ಮೂರೇ ವಾರ ಬಾಕಿ ಎಂದು ನಾನು ಗೆರೆಯನ್ನು ಮುಂದಕ್ಕೆಳೆದು ಲೆಕ್ಕ ಹಾಕಿದ್ದೆ. ಈಗಲೇ 600ಕ್ಕೆ ಇಳಿಸಿಬಿಡೋಣ ಎಂದು ನಾನೇ ಕೇಳಿಕೊಂಡೆ. ವೈದ್ಯರು ಕೂಡಲೇ ಒಪ್ಪಲಿಲ್ಲ. ಇಳಿಕೆ ನೇರ ಗೆರೆಯಲ್ಲಿ ಹೋಗುವುದಿಲ್ಲ, ಎಂದರು. ಕೆಂಪು ಕಣದೊಳಗೆ ಔಷಧ ಕೂಡುವುದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಅತಿ ದುರ್ಬಲ ಮುದಿಕಣಗಳು ಮೊದಲು ಉದುರಿಹೋಗಿ ಉಳಿದವು ಎಳೆಯವಾಗಿರುತ್ತವೆ, ಕಣಗಳ ಒಟ್ಟು ಸಂಖ್ಯೆಯೇ ಕಡಿಮೆಯಾದ್ದರಿಂದ ದಿನದ ನಷ್ಟವೂ ಕಡಿಮೆಯಾಗುತ್ತದೆ, ಹೀಗೆ ಕೆಳಮಟ್ಟದಲ್ಲೊಂದು ಹೊಸ ಸಮತೋಲನ ಹುಟ್ಟುತ್ತದೆ. ಎಂಟನೆಯ ವಾರದ ಹೊತ್ತಿಗೆ ಅದು ಬರಬೇಕು, ವಾರಕ್ಕೆರಡು ಸಲ ರಕ್ತ ನೋಡೋಣ, 9ಕ್ಕಿಂತ ಕೆಳಗೆ ಕಂಡರೆ ಅಂದೇ ಇಳಿಸೋಣ. ನನ್ನ ವೈರಸ್ ಪ್ರಮಾಣ ನಾಲ್ಕನೆಯ ವಾರಕ್ಕೆ ನೂರರಲ್ಲೊಂದು ಪಾಲಿಗಿಂತಲೂ ಕೆಳಗೆ ಇಳಿದಿತ್ತು, ಆದರೆ ಇನ್ನೂ ಕಾಣಿಸುತ್ತಿತ್ತು. ಈ ಹಂತದಲ್ಲಿ ಔಷಧ ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಜೊತೆಗೆ ಇನ್ನೊಂದು ಮಾತು ಹೇಳಿದರು. ಹಿಮೋಗ್ಲೋಬಿನ್ ಚೆನ್ನಾಗಿ ಕುಸಿದವರಲ್ಲಿಯೇ ವೈರಸ್ ಹೋಗುವ ಪ್ರಮಾಣ ಹೆಚ್ಚೆಂದು ದೊಡ್ಡ ಚಿಕಿತ್ಸಾ ಪ್ರಯೋಗವೊಂದರ ದತ್ತಾಂಶ ತೋರಿಸಿತ್ತು, ಬಹುಶಃ ಔಷಧ ಅವರ ದೇಹದಲ್ಲಿ ಹೆಚ್ಚು ಉಳಿದದ್ದಕ್ಕೆ ಕುಸಿತವೇ ಸಾಕ್ಷಿಯಾದ್ದರಿಂದ.

ಮುಂದಿನ ಅಂಕಿಗಳು: 9.2, 9.1, 9.4. ಹತ್ತನೆಯ ವಾರಕ್ಕೆ 9.6. ಅಲ್ಲಿಂದ ಮುಂದೆ 48ನೆಯ ವಾರದವರೆಗೂ ಅದು 9.5 ಮತ್ತು 10.2ರ ನಡುವೆಯೇ ಓಲಾಡಿತು. ಹನ್ನೆರಡನೆಯ ವಾರ ವೈರಸ್ ಪತ್ತೆಯಾಗಲಿಲ್ಲ. "ನಾನೂ ಹೆದರಬಾರದು" ಎಂದು ಮೊದಲ ದಿನ ಅವರು ಹೇಳಿದ್ದರ ಅರ್ಥ ನನಗೆ ತಿಳಿದದ್ದು ಏಳನೆಯ ವಾರದ ಆ ಭೇಟಿಯ ನಂತರ. ಪೆನ್ಸಿಲಿನ ಸಾಲು ಮೊದಲೇ ಇರದಿದ್ದರೆ 9.1 ಎಂಬ ಅಂಕಿ ಒಂದು ಅವಘಡವಾಗಿ ಕಾಣುತ್ತಿತ್ತು, ನಾವಿಬ್ಬರೂ ಸೇರಿ ಔಷಧವನ್ನು ಕಡಿದುಹಾಕುತ್ತಿದ್ದೆವು.

ಗುಳಿಗೆ ನಿಲ್ಲಿಸಿದ ಮೇಲೂ ರಿಬಾವಿರಿನ್ ಕೆಂಪು ಕಣಗಳಿಂದ ತಟ್ಟನೆ ಹೋಗುವುದಿಲ್ಲ. ಅಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 40 ದಿನ ಬೇಕು. ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವ ಈ ಔಷಧವನ್ನು ಗಂಡಸಾಗಲಿ ಹೆಂಗಸಾಗಲಿ ನಿಲ್ಲಿಸಿದ ಮೇಲೂ ಆರು ತಿಂಗಳು ಗರ್ಭಧಾರಣೆ ಆಗದಂತೆ ನೋಡಿಕೊಳ್ಳಬೇಕೆಂದು ಆಗ ಎಚ್ಚರಿಸುತ್ತಿದ್ದುದಕ್ಕೂ ದೇಹದಲ್ಲಿ ಅದು ಇಷ್ಟು ಕಾಲ ಉಳಿಯುವುದೇ ಕಾರಣ. ನನ್ನ ವಯಸ್ಸಿಗೆ ಆ ಚಿಂತೆ ಇರಲಿಲ್ಲ. ಗುಳಿಗೆ ನಿಲ್ಲಿಸಿದ ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 11.6, ಎಂಟು ವಾರಕ್ಕೆ 12.8. ಇಪ್ಪತ್ನಾಲ್ಕು ವಾರ ಕಳೆದ ಮೇಲಿನ ಪರೀಕ್ಷೆಯಲ್ಲಿಯೂ ವೈರಸ್ ಇರಲಿಲ್ಲ.

ಅದಾದ ಕೆಲವೇ ತಿಂಗಳಲ್ಲಿ, 2013ರ ಡಿಸೆಂಬರಿನಲ್ಲಿ, ವೈರಸ್ಸಿನ ಮೇಲೆ ನೇರವಾಗಿ ಕೆಲಸ ಮಾಡುವ ಸೊಫೊಸ್ಬುವಿರ್ ಎಂಬ ಹೊಸ ಗುಳಿಗೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿ, ಇಂಟರ್‌ಫೆರಾನಿನ ಕಾಲ ಮುಗಿಯುತ್ತಾ ಬಂತು. ಈಗ ಹೆಚ್ಚಿನವರಿಗೆ ಹನ್ನೆರಡು ವಾರದ ಗುಳಿಗೆ ಸಾಕು, ರಕ್ತಹೀನತೆಯ ಮಾತೇ ಏಳುವುದಿಲ್ಲ. ಆದರೂ ಯಕೃತ್ತು ತೀರಾ ಸೋತವರಿಗೆ ಹೊಸ ಔಷಧಗಳ ಜೊತೆ ರಿಬಾವಿರಿನ್ ಸೇರಿಸುವ ಪದ್ಧತಿ ಉಳಿದಿದೆ, ಮತ್ತು ಕುಸಿತವನ್ನು ತಾಳುವ ಶಕ್ತಿ ಕಡಿಮೆ ಇರುವುದೂ ಅವರಿಗೇ. ಪರಿಚಿತರೊಬ್ಬರಿಗೆ ಹಾಗೆ 600 ಮಿಲಿಗ್ರಾಂ ಶುರುಮಾಡಿದಾಗ ಅವರು ನನ್ನ ನೋಟ್ ಪುಸ್ತಕ ಕೇಳಿದರು. ಪುಟಗಳ ನಕಲು ಕೊಟ್ಟು, ಕ್ರಿಯಾಟಿನಿನ್ ಲೆಕ್ಕವನ್ನು ವೈದ್ಯರ ಮುಂದೆ ಒಮ್ಮೆ ಹಾಕಿಸಿಕೊಳ್ಳಿ, ಎರಡನೆಯ ವಾರದ ರಕ್ತಪರೀಕ್ಷೆ ತಪ್ಪಿಸಬೇಡಿ, ಪ್ರಯೋಗಾಲಯ ಬದಲಿಸಬೇಡಿ ಎಂದೆ. ಎರಡನೆಯ ವಾರಕ್ಕೆ ಅವರಿಗೆ ಇಳಿದದ್ದು 0.7 ಮಾತ್ರ. ಪ್ರಮಾಣ ಕಡಿಮೆ ಇದ್ದದ್ದಕ್ಕೋ, ಮಜ್ಜೆಯನ್ನು ಅದುಮಲು ಇಂಟರ್‌ಫೆರಾನ್ ಇಲ್ಲದ್ದಕ್ಕೋ, ಇಲ್ಲವೇ ನನಗೆ ಸಿಗದ ಆ ಜೀನಿನ ದೋಷ ಅವರಿಗೆ ಸಿಕ್ಕಿದ್ದಕ್ಕೋ ಎಂದು ನಾನು ಕುತೂಹಲದಿಂದ ಕೇಳಿದರೆ, ಆ ಪರೀಕ್ಷೆಯನ್ನು ಅವರು ಮಾಡಿಸಿರಲೇ ಇಲ್ಲ.